ಈ ಶನಿವಾರದ ಟಿಕೆಟ್, ಮುಂದಿನ ಶನಿವಾರದ ಕುರ್ಚಿ: ಪ್ರೇಕ್ಷಕರನ್ನು ಒಂದು ಕಾರ್ಯಕ್ರಮದಿಂದ ಇನ್ನೊಂದಕ್ಕೆ ವರ್ಗಾಯಿಸುವ ಕ್ರಮ

ಮಳೆಗಾಲದಲ್ಲಿ ಶಿರಸಿ, ಕುಮಟಾ, ಕಾರವಾರದ ಕಡೆ ಟಿಕೆಟ್ ಇಟ್ಟು ಯಕ್ಷಗಾನದ ಆಟವನ್ನೋ ನಾಟಕವನ್ನೋ ಸಂಗೀತ ಕಛೇರಿಯನ್ನೋ ಏರ್ಪಡಿಸುವವರಿಗೆ ಒಂದು ಫೋನ್ ಕರೆ ತಪ್ಪುವುದಿಲ್ಲ. “ತಮ್ಮಾ, ಘಟ್ಟದಲ್ಲಿ ಮರ ಬಿದ್ದಿದೆಯಂತೆ. ಇವತ್ತು ಬರಲು ಆಗುವುದಿಲ್ಲ. ನಮ್ಮ ನಾಲ್ಕು ಟಿಕೆಟ್ ಮುಂದಿನ ಶನಿವಾರದ ಆಟಕ್ಕೆ ಹಾಕಿಕೊಡು.” ಕೇಳುವವರ ಪಾಲಿಗೆ ಇದು ಸಣ್ಣ ವಿಷಯ. ಟಿಕೆಟನ್ನು ಪುಸ್ತಕದಿಂದ ಹರಿದು ಕೊಡುತ್ತಿದ್ದ ಕಾಲದಲ್ಲಿ ಸಂಘಟಕರಿಗೂ ಸಣ್ಣ ವಿಷಯವೇ ಆಗಿತ್ತು: ಹಳೆಯ ಟಿಕೆಟಿನ ಹಿಂದೆ ಸಹಿ ಹಾಕಿ, ಮುಂದಿನ ವಾರ ಬಾಗಿಲಲ್ಲಿ ಒಳಗೆ ಬಿಟ್ಟರೆ ಮುಗಿಯಿತು. ಈಗ ಟಿಕೆಟ್ ತಂತ್ರಾಂಶದೊಳಗಿದೆ, ಹಣ ಆನ್‌ಲೈನ್ ಪಾವತಿ ನಡೆಸುವ ಪೇಮೆಂಟ್ ಗೇಟ್‌ವೇ ಮೂಲಕ ಬ್ಯಾಂಕಿಗೆ ಹೋಗಿದೆ, ಕುರ್ಚಿಯ ಸಂಖ್ಯೆ ಆಸನ ನಕ್ಷೆಯಲ್ಲಿದೆ, ಪ್ರವೇಶ ಕ್ಯೂಆರ್ ಕೋಡಿನಲ್ಲಿದೆ. ಈ ನಾಲ್ಕರಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದ ಮೂರನ್ನು ಮರೆತರೆ, ಮುಂದಿನ ಶನಿವಾರ ಒಂದೇ ಕುರ್ಚಿಯ ಎದುರು ಎರಡು ಕುಟುಂಬಗಳು ನಿಂತಿರುತ್ತವೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ವಿಷಯವನ್ನು ಎಂದೋ ಒಮ್ಮೆ ಬರುವ ತೊಂದರೆ ಎಂದು ತಳ್ಳಿಹಾಕುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾದಾಗ ಕುಮಟಾ, ಹೊನ್ನಾವರದವರಿಗೆ ಕಾರವಾರವೇ ದೂರದ ಊರಾಯಿತು. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ದೇವಿಮನೆ ಘಟ್ಟವಾಗಲಿ ಅರಬೈಲ್ ಘಟ್ಟವಾಗಲಿ ಮಳೆ ಜೋರಾದಾಗ ನಂಬಿ ಹೊರಡುವ ದಾರಿಗಳಲ್ಲ. ಹಣ ಕೊಟ್ಟ ಪ್ರೇಕ್ಷಕರನ್ನು ಒಂದು ದಿನದಿಂದ ಇನ್ನೊಂದು ದಿನಕ್ಕೆ, ಒಂದು ಊರಿನಿಂದ ಇನ್ನೊಂದು ಊರಿಗೆ ಸರಿಸುವ ಕೆಲಸವನ್ನು ಇಲ್ಲಿನ ಪ್ರತಿಯೊಂದು ಸಂಘವೂ ಕಲಿತಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಅಡಿಕೆ ತೋಟದಲ್ಲಿ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುವಾಗ ಮುಂದಿನ ಮರ ಕೈಗೆ ಸಿಕ್ಕಿದ ಮೇಲೆಯೇ ಹಿಂದಿನದನ್ನು ಬಿಡುತ್ತಾನೆ. ಟಿಕೆಟ್ ವರ್ಗಾವಣೆಯೂ ಹಾಗೆಯೇ ನಡೆಯಬೇಕು. ಹೊಸ ಪ್ರದರ್ಶನದಲ್ಲಿ ಆಸನ ಹಿಡಿದಿಟ್ಟ ಮೇಲೆ ಹಳೆಯದನ್ನು ರದ್ದು ಮಾಡಬೇಕು, ಎಂದಿಗೂ ಅದರ ಹಿಂದುಮುಂದಲ್ಲ. ಮೊದಲು ಹಳೆಯ ಆರ್ಡರ್ ರದ್ದು ಮಾಡಿದರೆ ಹಲವು ತಂತ್ರಾಂಶಗಳು ತಾವಾಗಿಯೇ ಹಣ ಹಿಂದಿರುಗಿಸಲು ಹೊರಡುತ್ತವೆ, ಇಲ್ಲವೇ ಬಿಟ್ಟ ಕುರ್ಚಿಯನ್ನು ಆ ಕ್ಷಣವೇ ಮಾರಾಟಕ್ಕೆ ಇಡುತ್ತವೆ. ಆಮೇಲೆ ಹೊಸ ಪ್ರದರ್ಶನದಲ್ಲಿ ಜಾಗವಿಲ್ಲ ಎಂದು ತಿಳಿದರೆ ಪ್ರೇಕ್ಷಕರ ಕೈಯಲ್ಲಿ ಯಾವ ಟಿಕೆಟೂ ಉಳಿದಿರುವುದಿಲ್ಲ.

## ಟಿಕೆಟ್ ಮಾರಾಟ ತೆರೆಯುವ ಮೊದಲು

ವರ್ಗಾವಣೆಯ ಅರ್ಧ ಕೆಲಸ ಕಾರ್ಯಕ್ರಮವನ್ನು ತಂತ್ರಾಂಶದಲ್ಲಿ ದಾಖಲಿಸುವ ದಿನವೇ ಮುಗಿಯಬೇಕು. ಒಂದೇ ಪ್ರಸಂಗವನ್ನೋ ನಾಟಕವನ್ನೋ ಎರಡು ಮೂರು ದಿನ, ಎರಡು ಮೂರು ಊರುಗಳಲ್ಲಿ ಆಡಿಸುವುದಿದ್ದರೆ ಪ್ರತಿಯೊಂದನ್ನೂ ಬೇರೆ ಬೇರೆ ಕಾರ್ಯಕ್ರಮವೆಂದು ದಾಖಲಿಸಬೇಡಿ. ಒಂದೇ ಸರಣಿಯೊಳಗಿನ ದಿನಾಂಕಗಳಾಗಿ ದಾಖಲಿಸಿ. ಸರಣಿಯೊಳಗೆ ದಿನಾಂಕ ಬದಲಿಸುವುದು ಹೆಚ್ಚಿನ ತಂತ್ರಾಂಶಗಳಲ್ಲಿ ಎರಡು ಕ್ಲಿಕ್ಕಿನ ಕೆಲಸ. ಬೇರೆ ಬೇರೆ ಕಾರ್ಯಕ್ರಮಗಳ ನಡುವೆ ಆರ್ಡರ್ ಸಾಗಿಸುವುದು ಹಲವದರಲ್ಲಿ ಸಾಧ್ಯವೇ ಇಲ್ಲ. ಉದಾಹರಣೆಗೆ, ಮುಕ್ತ ತಂತ್ರಾಂಶವಾದ ಪ್ರಿಟಿಕ್ಸ್‌ನಲ್ಲಿ ಸರಣಿಯ ಒಂದು ದಿನದಿಂದ ಇನ್ನೊಂದು ದಿನಕ್ಕೆ ಟಿಕೆಟ್ ಸರಿಸಲು ಆರ್ಡರ್ ಬದಲಿಸುವ ಪುಟದಲ್ಲೇ ಅವಕಾಶವಿದೆ. ಬೇರೆ ಕಾರ್ಯಕ್ರಮವಾದರೆ ಹಣವನ್ನು ಗಿಫ್ಟ್ ಕಾರ್ಡಿಗೆ ಹಾಕಿ, ಅದೇ ಸಂಘಟಕರ ಇನ್ನೊಂದು ಕಾರ್ಯಕ್ರಮದಲ್ಲಿ ಬಳಸುವಂತೆ ಮಾಡಬೇಕಾಗುತ್ತದೆ.

ಎರಡನೆಯದು, ನಿಯಮ. ಟಿಕೆಟ್ ಪುಟದಲ್ಲಿ ಪ್ರೇಕ್ಷಕರು ಓದಿ ಅರ್ಥಮಾಡಿಕೊಳ್ಳುವಂಥ ಮೂರು ಸಾಲು ಸಾಕು: “ಪ್ರದರ್ಶನದ ಹಿಂದಿನ ದಿನ ಸಂಜೆ ಆರರವರೆಗೆ ತಿಳಿಸಿದರೆ ಟಿಕೆಟನ್ನು ಒಮ್ಮೆ ಬೇರೆ ದಿನಕ್ಕೆ ಬದಲಿಸಿಕೊಡುತ್ತೇವೆ. ಬೆಲೆಯಲ್ಲಿ ವ್ಯತ್ಯಾಸವಿದ್ದರೆ ಹೆಚ್ಚಿನದನ್ನು ನೀವು ಕೊಡಬೇಕು, ಉಳಿದದ್ದನ್ನು ನಾವು ಹಿಂದಿರುಗಿಸುತ್ತೇವೆ. ಮಳೆ ಅಥವಾ ರಸ್ತೆ ಬಂದ್ ಕಾರಣಕ್ಕೆ ನಾವೇ ಪ್ರದರ್ಶನ ಮುಂದೂಡಿದರೆ ಬದಲಿ ದಿನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು.” ಕೊನೆಯ ಸಾಲನ್ನು ಬಿಡಬೇಡಿ. ಪ್ರೇಕ್ಷಕರು ತಮ್ಮ ಅನುಕೂಲಕ್ಕೆ ಬದಲಿ ಕೇಳುವುದು ಬೇರೆ, ನೀವು ಪ್ರದರ್ಶನ ನಿಲ್ಲಿಸಿ ಅವರನ್ನು ಇನ್ನೊಂದಕ್ಕೆ ತಳ್ಳುವುದು ಬೇರೆ. ಕೊರತೆಯಿರುವ ಸೇವೆಗೆ ಪಡೆದ ಹಣವನ್ನು ಹಿಂದಿರುಗಿಸಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಕಾಯ್ದೆಯ ಮಾತು ಹಾಗಿರಲಿ, ಸಿದ್ದಾಪುರದಿಂದ ಬಸ್ಸು ಹಿಡಿದು ಬಂದು ಆಟ ನೋಡುವವರನ್ನು ಕೇಳದೆಯೇ ಅವರ ಹಣವನ್ನು ಬೇರೆ ದಿನಕ್ಕೆ ತಿರುಗಿಸುವುದು ನ್ಯಾಯವಲ್ಲ.

ಮೂರನೆಯದು, ಪ್ರತಿ ಪ್ರದರ್ಶನದಲ್ಲೂ ಸ್ವಲ್ಪ ಆಸನಗಳನ್ನು ಮಾರದೆ ಹಿಡಿದಿಡಿ. ಮುನ್ನೂರು ಆಸನಗಳ ಸಭಾಭವನವಾದರೆ ಹತ್ತು ಹದಿನೈದು ಸಾಕು. ಅವುಗಳಲ್ಲಿ ಒಂದೆರಡು ಸಾಲಿನ ತುದಿಯವು, ಮೆಟ್ಟಿಲು ಹತ್ತದೆ ತಲುಪುವಂಥವು ಇರಲಿ. ಬದಲಿ ಕೇಳುವವರಲ್ಲಿ ವಯಸ್ಸಾದವರೇ ಹೆಚ್ಚು.

## ಪಟ್ಟಿ ಇಳಿಸಿಕೊಂಡು ಶುದ್ಧ ಮಾಡುವುದು

ಒಬ್ಬಿಬ್ಬರ ಬದಲಿಯಾದರೆ ತಂತ್ರಾಂಶದೊಳಗೇ ಮುಗಿಸಬಹುದು. ಇಡೀ ಪ್ರದರ್ಶನವೇ ಮುಂದಕ್ಕೆ ಹೋದಾಗ, ಅಥವಾ ಟಿಕೆಟ್ ಹೋಗದ ಎರಡು ಪ್ರದರ್ಶನಗಳನ್ನು ಸೇರಿಸಿ ಒಂದು ಮಾಡುವಾಗ, ಪಟ್ಟಿ ಬೇಕೇ ಬೇಕು. ಮೊದಲು ಎರಡೂ ಪ್ರದರ್ಶನಗಳ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ನೀವು ಎಣಿಸುತ್ತಿರುವಾಗಲೇ ಇನ್ನೊಬ್ಬರು ಟಿಕೆಟ್ ಕೊಂಡರೆ ಲೆಕ್ಕ ಕೂಡುವುದಿಲ್ಲ. ಆಮೇಲೆ ಟಿಕೆಟ್ ಪಡೆದವರ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಪಟ್ಟಿ) ಇಳಿಸಿಕೊಳ್ಳಿ. ಅದರ ಒಂದು ಪ್ರತಿಯನ್ನು ಮುಟ್ಟದೆ ಹಾಗೇ ತೆಗೆದಿಡಿ, ಕೆಲಸ ಮಾಡುವುದು ಇನ್ನೊಂದು ಪ್ರತಿಯಲ್ಲಿ.

ಈ ಕಡತವನ್ನು ಎರಡು ಬಾರಿ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಎರಡು ಅನಾಹುತಗಳಾಗಬಹುದು. ಕನ್ನಡದಲ್ಲಿರುವ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಯುಪಿಐ ವಹಿವಾಟಿನ 12 ಅಂಕೆಗಳ ಉಲ್ಲೇಖ ಸಂಖ್ಯೆ 4.12ಇ+11 ಎಂಬಂತೆ ಕಾಣುತ್ತದೆ. ಆ ರೂಪದಲ್ಲೇ ಕಡತವನ್ನು ಮತ್ತೆ ಉಳಿಸಿದರೆ ಯಾರ ಹಣ ಯಾವುದು ಎಂದು ಪತ್ತೆ ಹಚ್ಚುವ ದಾರಿಯೇ ಹೋಗುತ್ತದೆ. ಆದ್ದರಿಂದ ಖಾಲಿ ಎಕ್ಸೆಲ್ ಹಾಳೆ ತೆರೆದು, ಡೇಟಾ ವಿಭಾಗದಿಂದ ಕಡತವನ್ನು ಆಮದು ಮಾಡಿಕೊಳ್ಳಿ. ಅಕ್ಷರ ಸಂಕೇತ ಯುಟಿಎಫ್-8 ಎಂದು ಆರಿಸಿ, ಮೊಬೈಲ್ ಸಂಖ್ಯೆ, ಆರ್ಡರ್ ಸಂಖ್ಯೆ, ವಹಿವಾಟು ಸಂಖ್ಯೆ ಈ ಮೂರು ಕಾಲಂಗಳನ್ನು ಪಠ್ಯ ಎಂದು ಗುರುತಿಸಿ.

ಇನ್ನು ಹೆಸರಿನ ಗೊಂದಲ. ಶಿರಸಿಯ ಯಾವುದೇ ಪ್ರೇಕ್ಷಕರ ಪಟ್ಟಿ ತೆಗೆಯಿರಿ, ಗಣಪತಿ ಹೆಗಡೆ ಒಬ್ಬರೇ ಇರುವುದಿಲ್ಲ. ಒಬ್ಬರು ‘ಜಿ. ಹೆಗಡೆ’ ಎಂದು ಬರೆದಿರುತ್ತಾರೆ, ಇನ್ನೊಬ್ಬರು ಊರಿನ ಹೆಸರನ್ನು ಮೊದಲು ಇಟ್ಟಿರುತ್ತಾರೆ. ಕರಾವಳಿಗೆ ಇಳಿದರೆ ನಾಯ್ಕ, ನಾಯಕ, ನಾಯಕ್ ಮೂರೂ ಒಂದೇ ಪಟ್ಟಿಯಲ್ಲಿ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಯಾವುದು ಯಾವುದೆಂದು ತಿಳಿಯದಂತೆ ಬರುತ್ತವೆ. ಹೆಸರು ನೋಡಿ ಟಿಕೆಟ್ ಹೊಂದಿಸಬೇಡಿ. ಆರ್ಡರ್ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ಮೊಬೈಲ್ ಸಂಖ್ಯೆಯಿಂದ ತಾಳೆ ನೋಡಿ.

ಮೊಬೈಲ್ ಸಂಖ್ಯೆಯಲ್ಲೂ ಒಂದು ಸೂಕ್ಷ್ಮವಿದೆ. ನಮ್ಮ ಕಡೆ ಮನೆಯ ಹುಡುಗನೋ ಹುಡುಗಿಯೋ ಇಡೀ ಕೇರಿಗೆ ಟಿಕೆಟ್ ಕಾಯ್ದಿರಿಸುತ್ತಾರೆ. ಒಂದೇ ಆರ್ಡರಿನಲ್ಲಿ ಎಂಟು ಟಿಕೆಟ್, ಒಂದೇ ಸಂಖ್ಯೆ, ಒಳಗೆ ಮೂರು ಮನೆಗಳ ಜನ. ಎಂಟರಲ್ಲಿ ಐದು ಮಂದಿಗೆ ಮಾತ್ರ ದಿನ ಬದಲಾಗಬೇಕು ಎಂದರೆ ಇಡೀ ಆರ್ಡರ್ ಸರಿಸಬೇಡಿ. ಆರ್ಡರನ್ನು ಒಡೆದು ಎರಡು ಮಾಡುವ ಅವಕಾಶ ತಂತ್ರಾಂಶದಲ್ಲಿದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಐದು ಟಿಕೆಟ್‌ಗಳನ್ನು ಒಂದೊಂದಾಗಿಯೇ ಸರಿಸಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಅಪ್ಪ ಅಮ್ಮನಿಗೆ ಕೊಡಿಸಿದ ಟಿಕೆಟ್‌ಗಳೂ ಇರುತ್ತವೆ. ಸಂದೇಶ ಮಗನಿಗೆ ಹೋಗುತ್ತದೆ, ಆಟಕ್ಕೆ ಬರುವುದು ಅಪ್ಪ. ಅಂಥ ಆರ್ಡರ್‌ಗಳ ಎದುರು ಗುರುತು ಹಾಕಿ, ಫೋನ್ ಮಾಡಿಯೇ ಮಾತನಾಡಿ.

## ಕೇಳುವುದು

ಪಟ್ಟಿ ಸಿದ್ಧವಾದ ಮೇಲೆ ತಂತ್ರಾಂಶವನ್ನು ಮುಟ್ಟುವ ಮೊದಲು ಜನರನ್ನು ಕೇಳಬೇಕು. ಎಸ್‌ಎಂಎಸ್ ಕಳಿಸುವವರಿಗೆ ಒಂದು ಲೆಕ್ಕ ಗೊತ್ತಿರಲಿ: ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ ಹಿಡಿಯುವುದು 70 ಮಾತ್ರ, ಅದರಲ್ಲಿ ಕೊಂಬು, ದೀರ್ಘ, ಒತ್ತುಗಳೂ ಲೆಕ್ಕಕ್ಕೆ ಬರುತ್ತವೆ. ಸಗಟಾಗಿ ಕಳಿಸುವುದಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಿರಬೇಕು. ಆ ಕೆಲಸವನ್ನು ಮಳೆ ಬಂದ ದಿನ ಶುರು ಮಾಡಿದರೆ ಆಗುವುದಿಲ್ಲ. ವಾಟ್ಸಾಪ್‌ನ ಪ್ರಸಾರ ಪಟ್ಟಿಯಲ್ಲಿ 256 ಮಂದಿಗೆ ಮಿತಿಯಿದೆ, ಅದೂ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಟಿಕೆಟ್ ಕೊಳ್ಳುವಾಗಲೇ “ಈ ಸಂಖ್ಯೆಯನ್ನು ಉಳಿಸಿಕೊಳ್ಳಿ, ಬದಲಾವಣೆಗಳನ್ನು ಇದರಿಂದಲೇ ತಿಳಿಸುತ್ತೇವೆ” ಎಂದು ಹೇಳಿಬಿಡುವುದು ಒಳ್ಳೆಯದು.

ಸಂದೇಶದಲ್ಲಿ ಕ್ಷಮೆ, ಕಾರಣ, ಕಲಾವಿದರ ಹೆಸರು ಎಲ್ಲವನ್ನೂ ತುಂಬಬೇಡಿ. ಏನಾಗಿದೆ, ಎರಡು ಆಯ್ಕೆಗಳೇನು, ಯಾವಾಗಿನೊಳಗೆ ಉತ್ತರಿಸಬೇಕು, ಉತ್ತರಿಸದಿದ್ದರೆ ಏನಾಗುತ್ತದೆ, ಇಷ್ಟೇ ಇರಲಿ. ಹೀಗೆ:

“ನಮಸ್ಕಾರ. ರಸ್ತೆ ಬಂದ್ ಇರುವುದರಿಂದ ಶನಿವಾರದ ಕುಮಟಾ ಆಟವನ್ನು ಮುಂದೂಡಿದ್ದೇವೆ. ನಿಮ್ಮ 4 ಟಿಕೆಟ್‌ಗಳಿಗೆ: 1) ಮುಂದಿನ ಶನಿವಾರ ಶಿರಸಿಯಲ್ಲಿ ನಡೆಯುವ ಆಟ. 2) ಪೂರ್ತಿ ಹಣ ವಾಪಸ್. 1 ಅಥವಾ 2 ಎಂದು ಬುಧವಾರ ಸಂಜೆ 6ರೊಳಗೆ ಉತ್ತರಿಸಿ. ಉತ್ತರ ಬಾರದಿದ್ದರೆ ಹಣ ಹಿಂದಿರುಗಿಸುತ್ತೇವೆ.”

ಉತ್ತರ ಬಾರದವರನ್ನು ತಾನಾಗಿಯೇ ಹೊಸ ಪ್ರದರ್ಶನಕ್ಕೆ ಸೇರಿಸಿಬಿಡುವ ಅಭ್ಯಾಸ ಹಲವೆಡೆ ಇದೆ. ಖಜಾಂಚಿಗೆ ಅದು ಇಷ್ಟವಾಗುತ್ತದೆ, ಏಕೆಂದರೆ ಯಕ್ಷಗಾನ ಮೇಳಕ್ಕೆ ವೀಳ್ಯದ ಹಣ ಕೊಟ್ಟಾಗಿರುತ್ತದೆ, ಸಭಾಭವನದ ಬಾಡಿಗೆ ಹೋಗಿರುತ್ತದೆ. ಆದರೂ ನಾನು ಒಪ್ಪುವುದಿಲ್ಲ. ಹಳ್ಳಿಯೊಳಗೆ ನೆಟ್‌ವರ್ಕ್ ಸಿಗದೆ ಉತ್ತರಿಸದೇ ಇರುವವರನ್ನು ಒಪ್ಪಿದವರೆಂದು ಎಣಿಸುವುದು ಸಂಘದ ಹೆಸರನ್ನು ಕೆಡಿಸುತ್ತದೆ.

ಕೇಳುವಾಗ ಇನ್ನೊಂದನ್ನು ಗಮನಿಸಿ. ಎರಡು ಪ್ರದರ್ಶನಗಳ ಬೆಲೆ ಒಂದೇ ಎಂದಮಾತ್ರಕ್ಕೆ ಅವು ಸಮಾನವಲ್ಲ. ಸಂಜೆ ಆರಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುವ ಕಾಲಮಿತಿ ಆಟಕ್ಕೆ ಟಿಕೆಟ್ ಕೊಂಡವರನ್ನು ಇಡೀ ರಾತ್ರಿಯ ಆಟಕ್ಕೆ ಹಾಕಿದರೆ ಕೆಲವರಿಗೆ ಹಬ್ಬ, ಮಾರನೆಯ ದಿನ ಶಾಲೆಗೆ ಹೋಗುವ ಮಕ್ಕಳಿರುವವರಿಗೆ ತೊಂದರೆ. ರಾತ್ರಿಯ ಕೊನೆಯ ಬಸ್ಸನ್ನು ನಂಬಿ ಬರುವವರಿಗೆ ಮುಗಿಯುವ ಹೊತ್ತು ಅರ್ಧ ತಾಸು ಆಚೀಚೆಯಾದರೂ ಮನೆ ಸೇರುವ ದಾರಿ ತಪ್ಪುತ್ತದೆ. ಆರಂಭದ ಸಮಯದಷ್ಟೇ ಸ್ಪಷ್ಟವಾಗಿ ಮುಗಿಯುವ ಸಮಯವನ್ನೂ ಸಂದೇಶದಲ್ಲಿ ತಿಳಿಸಿ.

## ತಂತ್ರಾಂಶದೊಳಗೆ

ಈಗ ನಿಜವಾದ ವರ್ಗಾವಣೆ. ಹೊಸ ಪ್ರದರ್ಶನದಲ್ಲಿ, ಒಪ್ಪಿದವರ ಸಂಖ್ಯೆಯಷ್ಟು ಆಸನಗಳನ್ನು ಮಾರಾಟದಿಂದ ಹೊರಗಿಟ್ಟು ಹಿಡಿಯಿರಿ. ಆಸನ ನಕ್ಷೆ ಇದ್ದರೆ ಸಾಲುಗಳನ್ನೇ ಗುರುತಿಸಿ. ಮೊದಲ ಮೂರು ಸಾಲಿಗೆ ಹಣ ಕೊಟ್ಟವರನ್ನು ಕೊನೆಯ ಸಾಲಿಗೆ ತಂದರೆ ಅದು ವರ್ಗಾವಣೆ ಎನಿಸಿಕೊಳ್ಳುವುದಿಲ್ಲ. ಆಮೇಲೆ ನಿಮ್ಮದೇ ಸಂಘದವರೊಬ್ಬರ ಟಿಕೆಟನ್ನು ಮೊದಲು ಸರಿಸಿ ನೋಡಿ. ಅವರ ಫೋನಿಗೆ ಯಾವ ಸಂದೇಶ ಬಂತು, ಯಾವ ಭಾಷೆಯಲ್ಲಿ ಬಂತು, ‘ನಿಮ್ಮ ಆರ್ಡರ್ ರದ್ದಾಗಿದೆ’ ಎಂಬ ತಾನಾಗಿ ಹೊರಡುವ ಇಮೇಲ್ ಏನಾದರೂ ಹೋಯಿತೇ, ಹಳೆಯ ಕ್ಯೂಆರ್ ಕೋಡ್ ಇನ್ನೂ ಕೆಲಸ ಮಾಡುತ್ತದೆಯೇ, ಎಲ್ಲವನ್ನೂ ಪರೀಕ್ಷಿಸಿ. ರದ್ದತಿಯ ಇಮೇಲ್ ಹೋಗುವಂತಿದ್ದರೆ ಅದನ್ನು ನಿಲ್ಲಿಸಿಯೇ ಮುಂದುವರಿಯಿರಿ, ಇಲ್ಲದಿದ್ದರೆ ಇಡೀ ಸಂಜೆ ಗಾಬರಿಯ ಫೋನುಗಳಿಗೆ ಉತ್ತರಿಸಬೇಕಾಗುತ್ತದೆ.

ತಂತ್ರಾಂಶದಲ್ಲಿ ನೇರ ವರ್ಗಾವಣೆ ಇದ್ದರೆ ಅದೇ ಉತ್ತಮ, ಹಣದ ದಾಖಲೆ ಟಿಕೆಟಿನ ಜೊತೆಗೇ ಸಾಗುತ್ತದೆ. ಇಲ್ಲದಿದ್ದಾಗ ಎರಡು ದಾರಿಗಳಿವೆ.

ಒಂದು, ಕೂಪನ್ ಸಂಕೇತ. ಹಳೆಯ ಟಿಕೆಟಿನ ಬೆಲೆಗೆ ಸರಿಯಾಗಿ ಪ್ರತಿ ಆರ್ಡರಿಗೂ ಒಂದು ಬೇರೆಯದೇ ಸಂಕೇತ ಮಾಡಿ ಕಳಿಸಿ, ಪ್ರೇಕ್ಷಕರೇ ಹೊಸ ಪ್ರದರ್ಶನದ ಪುಟಕ್ಕೆ ಹೋಗಿ ಅದನ್ನು ಬಳಸಿ ಟಿಕೆಟ್ ಪಡೆಯುತ್ತಾರೆ. ಎಲ್ಲರಿಗೂ ಒಂದೇ ಸಂಕೇತ ಕೊಟ್ಟರೆ ಅದು ಒಂದು ಗಂಟೆಯೊಳಗೆ ಊರಿನ ವಾಟ್ಸಾಪ್ ಗುಂಪಿನಲ್ಲಿರುತ್ತದೆ. ಆದ್ದರಿಂದ ಒಂದು ಸಲ ಮಾತ್ರ ಬಳಕೆ, ಇಂಥ ಪ್ರದರ್ಶನಕ್ಕೆ ಮಾತ್ರ, ಇಂಥ ದಿನದವರೆಗೆ ಮಾತ್ರ ಎಂಬ ಮೂರು ಕಟ್ಟುಗಳನ್ನು ಹಾಕಿ. ಸ್ಮಾರ್ಟ್‌ಫೋನ್ ಬಳಕೆ ತಿಳಿದ ಕಿರಿಯರಿಗೆ ಈ ದಾರಿ ಸುಲಭ. ಅರವತ್ತು ದಾಟಿದ ಪ್ರೇಕ್ಷಕರೇ ಹೆಚ್ಚಿರುವ ತಾಳಮದ್ದಲೆಗೆ ನಾನು ಇದನ್ನು ಸೂಚಿಸುವುದಿಲ್ಲ.

ಇನ್ನೊಂದು, ಸಂಘಟಕರೇ ಹೊಸ ಪ್ರದರ್ಶನದಲ್ಲಿ ಸೊನ್ನೆ ಬೆಲೆಯ ಟಿಕೆಟ್ ಮಾಡಿಕೊಡುವುದು. ಇದು ಬೇಗ ಆಗುತ್ತದೆ, ಆದರೆ ಲೆಕ್ಕದಲ್ಲಿ ಇದು ಗೌರವ ಪ್ರವೇಶದಂತೆ ಕಾಣುತ್ತದೆ. ಹಣ ಕೊಟ್ಟು ಬಂದವರು ಪುಕ್ಕಟೆ ಬಂದವರ ಪಟ್ಟಿಯಲ್ಲಿ ಸೇರಿಬಿಡುತ್ತಾರೆ. ಅದನ್ನು ತಡೆಯಲು ‘ವರ್ಗಾವಣೆ’ ಎಂಬ ಹೆಸರಿನದೇ ಒಂದು ಟಿಕೆಟ್ ಬಗೆಯನ್ನು ಮಾಡಿ. ಸಾರ್ವಜನಿಕರಿಗೆ ಅದು ಕಾಣದಂತಿರಲಿ. ಪ್ರತಿ ಹೊಸ ಟಿಕೆಟಿನ ಟಿಪ್ಪಣಿಯಲ್ಲಿ ಹಳೆಯ ಆರ್ಡರ್ ಸಂಖ್ಯೆಯನ್ನೂ, ಹಳೆಯ ಆರ್ಡರಿನ ಟಿಪ್ಪಣಿಯಲ್ಲಿ ಹೊಸ ಸಂಖ್ಯೆಯನ್ನೂ ಬರೆಯಿರಿ. ಎರಡೂ ಕಡೆ ಬರೆಯಲೇಬೇಕು. ಆರು ತಿಂಗಳ ಮೇಲೆ ಲೆಕ್ಕಪರಿಶೋಧಕರು ಕೇಳಿದಾಗ ನೆನಪಿನ ಮೇಲೆ ಉತ್ತರ ಹೇಳಲು ಬರುವುದಿಲ್ಲ.

ಹೊಸ ಟಿಕೆಟ್ ಹೋದದ್ದು ಖಚಿತವಾದ ಮೇಲೆ ಹಳೆಯ ಕ್ಯೂಆರ್ ಕೋಡನ್ನು ನಿಷ್ಕ್ರಿಯಗೊಳಿಸಿ. ಹಳೆಯ ಆರ್ಡರನ್ನು ಅಳಿಸಬೇಡಿ, ಅಮಾನ್ಯ ಮಾಡಿ ಹಾಗೇ ಉಳಿಸಿ. ‘ರದ್ದು ಮಾಡು’ ಗುಂಡಿಯ ಪಕ್ಕದಲ್ಲಿ ‘ಹಣ ಹಿಂದಿರುಗಿಸು’ ಎಂಬ ಆಯ್ಕೆ ಮೊದಲೇ ಗುರುತಾಗಿದ್ದರೆ ಅದನ್ನು ತೆಗೆಯಲು ಮರೆಯಬೇಡಿ. ಸರಣಿಯೊಳಗೆ ದಿನಾಂಕ ಬದಲಿಸಿದಾಗ ಕೆಲವು ತಂತ್ರಾಂಶಗಳಲ್ಲಿ ಕ್ಯೂಆರ್ ಕೋಡ್ ಹಳೆಯದೇ ಇರುತ್ತದೆ. ಹಾಗಿದ್ದರೆ ಹಳೆಯ ಪಿಡಿಎಫ್‌ನಲ್ಲಿ ಹಳೆಯ ದಿನಾಂಕ ಮುದ್ರಿತವಾಗಿರುತ್ತದೆ, ಕೋಡ್ ಮಾತ್ರ ಹೊಸ ದಿನಕ್ಕೆ ನಡೆಯುತ್ತದೆ, ನೋಡಿದವರಿಗೆ ಗೊಂದಲವಾಗುತ್ತದೆ. ಟಿಕೆಟನ್ನು ಹೊಸದಾಗಿ ಕಳಿಸಿ, “ಹಳೆಯದನ್ನು ತರಬೇಡಿ” ಎಂದು ಬರೆಯಿರಿ.

ಟಿಕೆಟ್ ಮಾರುವಾಗ ಪ್ರಶ್ನೆ ಕೇಳಿ ಪಡೆದ ಉತ್ತರಗಳು ಬಹಳ ಸಲ ಹೊಸ ಟಿಕೆಟಿನ ಜೊತೆಗೆ ಬರುವುದಿಲ್ಲ. ಅವುಗಳಲ್ಲಿ ನಮ್ಮ ಕಡೆ ಅತಿ ಮುಖ್ಯವಾದದ್ದು ಊಟ. ಸಂಜೆಯ ಕಾರ್ಯಕ್ರಮದ ಜೊತೆ ಊಟವೂ ಇರುವುದು ಶಿರಸಿ ಸೀಮೆಯಲ್ಲಿ ರೂಢಿ, ಅಡುಗೆಯವರಿಗೆ ಹಿಂದಿನ ದಿನವೇ ಲೆಕ್ಕ ಕೊಡಬೇಕು. ಐವತ್ತು ಮಂದಿ ಬೇರೆ ದಿನಕ್ಕೆ ಹೋದರೆ ಈ ಶನಿವಾರ ಐವತ್ತು ಎಲೆ ಕಡಿಮೆ, ಮುಂದಿನ ಶನಿವಾರ ಐವತ್ತು ಎಲೆ ಹೆಚ್ಚು. ಎರಡೂ ಅಡುಗೆಯವರಿಗೆ ತಿಳಿದಿರಬೇಕು. ತಂತ್ರಾಂಶದಲ್ಲಿ ಎಲ್ಲವೂ ಸರಿಯಾಗಿದ್ದು ಪಂಕ್ತಿಯಲ್ಲಿ ಸಾರು ಮುಗಿದರೆ ಜನ ನೆನಪಿಡುವುದು ಸಾರನ್ನೇ.

## ಬೆಲೆ, ಶುಲ್ಕ, ತೆರಿಗೆ

ಶಿರಸಿಯ 300 ರೂಪಾಯಿ ಟಿಕೆಟ್ ಕಾರವಾರದ 400 ರೂಪಾಯಿ ಪ್ರದರ್ಶನಕ್ಕೆ ಹೋಗುವುದಾದರೆ 100 ರೂಪಾಯಿಯನ್ನು ಪಾವತಿ ಕೊಂಡಿ ಕಳಿಸಿ ಮೊದಲೇ ಪಡೆಯಿರಿ. “ಬಾಗಿಲಲ್ಲಿ ಕೊಡುತ್ತೇವೆ” ಎಂದವರ ಹಣ ಪಡೆಯುವಷ್ಟರಲ್ಲಿ ಚಂಡೆ ಶುರುವಾಗಿ ಸರತಿ ರಸ್ತೆಗೆ ಬಂದಿರುತ್ತದೆ. ಬೆಲೆ ಕಡಿಮೆಯಾದಾಗ ಉಳಿಕೆಯನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿ, ಐವತ್ತೇ ರೂಪಾಯಿಯಾದರೂ ಸರಿ. ನೀವೇ ಪ್ರದರ್ಶನ ಮುಂದೂಡಿ ದುಬಾರಿ ಪ್ರದರ್ಶನವನ್ನು ಬದಲಿಯಾಗಿ ಕೊಟ್ಟಿದ್ದರೆ ವ್ಯತ್ಯಾಸ ಕೇಳುವ ಹಕ್ಕು ನಿಮಗಿಲ್ಲ ಎಂದೇ ತಿಳಿಯಿರಿ.

ಎಲ್ಲರಿಗೂ ಹಣ ಹಿಂದಿರುಗಿಸಿ “ಮತ್ತೆ ಕೊಳ್ಳಿ” ಎನ್ನುವುದು ಸರಳವಾಗಿ ಕಾಣುತ್ತದೆ. ಆದರೆ ಹಣ ಹಿಂದಿರುಗಿಸಿದರೂ ಮೊದಲ ವಹಿವಾಟಿಗೆ ಹಿಡಿದ ಶುಲ್ಕವನ್ನು ಪೇಮೆಂಟ್ ಗೇಟ್‌ವೇಗಳು ಸಾಮಾನ್ಯವಾಗಿ ಮರಳಿ ಕೊಡುವುದಿಲ್ಲ. ಎರಡನೆಯ ಸಲ ಕೊಂಡಾಗ ಮತ್ತೆ ಶುಲ್ಕ. ಹಣ ಖಾತೆಗೆ ಮರಳಲು ದಿನಗಳೂ ಹಿಡಿಯುತ್ತವೆ, ಅಷ್ಟರಲ್ಲಿ ಹೊಸ ಪ್ರದರ್ಶನ ಭರ್ತಿಯಾದರೆ ಅವರಿಗೆ ಎರಡೂ ಇಲ್ಲ.

ತೆರಿಗೆಯ ವಿಷಯದಲ್ಲಿ ಒಂದು ಗೆರೆಯನ್ನು ನೆನಪಿಡಿ. ನಾಟಕ, ನೃತ್ಯ, ಸಂಗೀತ ಕಛೇರಿಗಳ ಪ್ರವೇಶಕ್ಕೆ ತಲಾ 500 ರೂಪಾಯಿವರೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದನ್ನು ಮೀರಿದರೆ ನೋಂದಣಿ ಇರುವ ಸಂಘಟಕರು 18 ಪ್ರತಿಶತ ತೆರಿಗೆ ಕಟ್ಟಬೇಕು. 450 ರೂಪಾಯಿಯ ಟಿಕೆಟನ್ನು 600 ರೂಪಾಯಿಯ ಪ್ರದರ್ಶನಕ್ಕೆ ಬದಲಿಸಿ 150 ರೂಪಾಯಿ ಮಾತ್ರ ಪಡೆದಾಗ, ಎರಡೂ ಪಾವತಿಗಳು 500ರ ಒಳಗಿವೆ ಎಂಬ ಲೆಕ್ಕ ನಡೆಯುವುದಿಲ್ಲ. ಆ ಪ್ರವೇಶದ ಬೆಲೆ 600. ಮಾರ್ಚ್ ಕೊನೆಯ ಪ್ರದರ್ಶನದಿಂದ ಏಪ್ರಿಲಿಗೆ ಪ್ರೇಕ್ಷಕರನ್ನು ಸರಿಸಿದರೆ ಆರ್ಥಿಕ ವರ್ಷವೇ ಬದಲಾಗುತ್ತದೆ. ಆ ಹಣವನ್ನು ಈ ವರ್ಷದ ಆದಾಯವೆಂದು ಬರೆಯದೆ ಮುಂಗಡವೆಂದು ತೋರಿಸಬೇಕೇ ಎಂದು ಲೆಕ್ಕಪರಿಶೋಧಕರನ್ನು ಆಗಲೇ ಕೇಳಿ.

## ಬಾಗಿಲಲ್ಲಿ

ಪ್ರವೇಶದ್ವಾರದಲ್ಲಿ ಸ್ಕ್ಯಾನ್ ಮಾಡುವ ಫೋನುಗಳು ವರ್ಗಾವಣೆಯ ನಂತರದ ಪಟ್ಟಿಯನ್ನು ಪಡೆದಿರಬೇಕು. ಇಂಟರ್ನೆಟ್ ಇಲ್ಲದೆಯೂ ನಡೆಯುವ ಸ್ಕ್ಯಾನರ್ ಆ್ಯಪ್‌ಗಳು ಕೊನೆಯ ಸಲ ಸಂಪರ್ಕದಲ್ಲಿದ್ದಾಗಿನ ಪಟ್ಟಿಯನ್ನೇ ನಂಬುತ್ತವೆ. ಮಧ್ಯಾಹ್ನ ಸರಿಸಿದ ಟಿಕೆಟ್ ಬೆಳಿಗ್ಗೆಯ ಪಟ್ಟಿಯಲ್ಲಿ ಇರುವುದಿಲ್ಲ. ಮಳೆಯಲ್ಲಿ ವಿದ್ಯುತ್ ಹೋಗಿ ನೆಟ್‌ವರ್ಕೂ ಹೋದಾಗ ಎರಡು ಬಾಗಿಲುಗಳ ಎರಡು ಫೋನುಗಳು ಒಂದೇ ಕೋಡನ್ನು ತಲಾ ಒಮ್ಮೆ ಒಳಗೆ ಬಿಡಬಲ್ಲವು. ಬಾಗಿಲು ತೆರೆಯುವ ಒಂದು ತಾಸು ಮೊದಲು ಎಲ್ಲ ಫೋನುಗಳಲ್ಲೂ ಪಟ್ಟಿಯನ್ನು ಹೊಸದಾಗಿಸಿ, ವರ್ಗಾವಣೆಯಾದ ಟಿಕೆಟ್‌ಗಳಿಗೆ ಒಂದೇ ಬಾಗಿಲು ಎಂದು ಗೊತ್ತುಮಾಡಿ.

ಆ ಬಾಗಿಲಲ್ಲಿ ಮುದ್ರಿಸಿದ ಪಟ್ಟಿಯೊಂದು ಇರಲಿ: ಹಳೆಯ ಆರ್ಡರ್ ಸಂಖ್ಯೆ, ಹೊಸ ಸಂಖ್ಯೆ, ಹೆಸರು, ಊರು, ಮೊಬೈಲಿನ ಕೊನೆಯ ನಾಲ್ಕು ಅಂಕೆ, ಎಷ್ಟು ಜನ. ಪೂರ್ತಿ ಸಂಖ್ಯೆ ಬೇಡ, ಆ ಹಾಳೆ ಎಲ್ಲರ ಕೈಗೆ ಸಿಗುತ್ತದೆ. ಹಳೆಯ ಟಿಕೆಟನ್ನೇ ಹಿಡಿದು ಬಂದವರನ್ನು ಯಂತ್ರ ‘ಅಮಾನ್ಯ’ ಎಂದು ಕೆಂಪು ತೋರಿಸಿದಾಗ ಬಾಗಿಲಲ್ಲಿರುವ ಹುಡುಗರು ಗದರಬಾರದು. “ಸ್ವಲ್ಪ ಈ ಕಡೆ ಬನ್ನಿ, ಹೆಸರು ನೋಡಿ ಹೇಳುತ್ತೇನೆ” ಎಂದು ಪಕ್ಕಕ್ಕೆ ಕರೆದು ಪಟ್ಟಿ ನೋಡಲು ಅನುಭವವಿರುವ ಒಬ್ಬರನ್ನು ಅಲ್ಲಿ ಕೂರಿಸಿ.

## ಬೇರೆ ಸಂಘದ ಕಾರ್ಯಕ್ರಮಕ್ಕೆ ಕಳಿಸುವಾಗ

ನಿಮ್ಮ ಪ್ರದರ್ಶನ ನಿಂತು, ಅದೇ ವಾರ ಇನ್ನೊಂದು ಊರಿನ ಸಂಘದ ಪ್ರದರ್ಶನಕ್ಕೆ ನಿಮ್ಮ ಪ್ರೇಕ್ಷಕರನ್ನು ಕಳಿಸುವ ಸಂದರ್ಭವೂ ಬರುತ್ತದೆ. ಆಗ ತಂತ್ರಾಂಶದ ಖಾತೆಗಳೇ ಬೇರೆ, ಬ್ಯಾಂಕ್ ಖಾತೆಗಳೇ ಬೇರೆ. ಪ್ರೇಕ್ಷಕರ ಹೆಸರು, ಸಂಖ್ಯೆಗಳನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಂದು ಸಂಘಕ್ಕೆ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಳಹದಿಯೇ ಒಪ್ಪಿಗೆ. ಸಂದೇಶದಲ್ಲಿ “1 ಎಂದು ಉತ್ತರಿಸಿದರೆ ನಿಮ್ಮ ಹೆಸರು, ಮೊಬೈಲ್ ಸಂಖ್ಯೆಯನ್ನು ಆ ಸಂಘಕ್ಕೆ ಕೊಡುತ್ತೇವೆ” ಎಂಬ ಸಾಲು ಸೇರಿಸಿ, ಒಪ್ಪಿದವರದ್ದನ್ನು ಮಾತ್ರ ಕಳಿಸಿ.

ಆ ಸಂಘದವರು ಕೂಪನ್ ಸಂಕೇತಗಳನ್ನು ಮಾಡಿಕೊಡಲಿ, ನೀವು ಹಂಚಿ. ಎರಡು ಸಂಘಗಳ ಅಧ್ಯಕ್ಷರು ಎಷ್ಟೇ ಹಳೆಯ ಸ್ನೇಹಿತರಾಗಿದ್ದರೂ ಒಂದು ಪುಟದ ಪತ್ರ ಮಾಡಿಕೊಳ್ಳಿ: ಎಷ್ಟು ಟಿಕೆಟ್, ತಲಾ ಎಷ್ಟು ಹಣ, ಗೇಟ್‌ವೇ ಶುಲ್ಕ ಯಾರ ಪಾಲು, ಊಟ ಸೇರಿದೆಯೇ, ಆ ಪ್ರದರ್ಶನವೂ ಮಳೆಗೆ ನಿಂತರೆ ಪ್ರೇಕ್ಷಕರಿಗೆ ಹಣ ಕೊಡುವವರು ಯಾರು. ಹಣವನ್ನು ಬಳಕೆಯಾದ ಸಂಕೇತಗಳ ಲೆಕ್ಕದಲ್ಲಿ ಕೊಡಿ, ಹಂಚಿದ ಸಂಕೇತಗಳ ಲೆಕ್ಕದಲ್ಲಲ್ಲ. ಬಳಸದೆ ಅವಧಿ ಮುಗಿದ ಸಂಕೇತಗಳ ಹಣ ಇನ್ನೂ ಪ್ರೇಕ್ಷಕರದ್ದೇ, ಅದನ್ನು ಹಿಂದಿರುಗಿಸುವ ಹೊಣೆ ಮೊದಲು ಟಿಕೆಟ್ ಮಾರಿದ ನಿಮ್ಮದು. ಪ್ರದರ್ಶನ ಮುಗಿದ ವಾರದೊಳಗೆ ಆ ಸಂಘದಿಂದ ಬಳಕೆಯಾದ ಸಂಕೇತಗಳ ಪಟ್ಟಿ ತರಿಸಿಕೊಂಡು, ನಿಮ್ಮ ಮೂಲ ಪಟ್ಟಿಯೊಡನೆ ಸಾಲು ಸಾಲಾಗಿ ತಾಳೆ ನೋಡಿ, ಉಳಿದವರಿಗೆ ಹಣ ಕಳಿಸಿಬಿಡಿ.